ಮಾಧ್ಯಮ ಪರಿಸರ, ಮಾಧ್ಯಮ ವಿಕಾಸ

ಸಂವಹನ ಮಾಧ್ಯಮಗಳು ಹುಟ್ಟುವ, ಬೆಳೆಯುವ, ಒಂದರ ಜಾಗಕ್ಕೆ ಮತ್ತೊಂದು ಬರುವ ಬಗೆಯನ್ನು ಜೀವವಿಜ್ಞಾನದ ಪರಿಭಾಷೆಯಲ್ಲಿ ವಿವರಿಸುವ ಚಿಂತನಕ್ರಮಗಳಿಗೆ ಈ ಹೆಸರುಗಳಿವೆ. ಕವಲು ಎರಡು. ಪರಿಸರದ ರೂಪಕವು ಒಂದೇ ಕಾಲದಲ್ಲಿ ಜೊತೆಗಿರುವ ಮಾಧ್ಯಮಗಳನ್ನು ನೋಡುತ್ತದೆ. ಯಾವುದು ಏನನ್ನು ತಿಂದು ಬದುಕುತ್ತಿದೆ, ಯಾವುದರ ಪಾಲನ್ನು ಯಾವುದು ಕಸಿಯುತ್ತಿದೆ ಎಂದು ಕೇಳುತ್ತದೆ. ವಿಕಾಸದ ರೂಪಕ ಕಾಲದ ಉದ್ದಕ್ಕೆ ಕಣ್ಣು ಹಾಯಿಸುತ್ತದೆ. ಈ ಮಾಧ್ಯಮ ಯಾವುದರಿಂದ ಬಂತು, ಇದೇ ಏಕೆ ಉಳಿಯಿತು ಎಂಬುದು ಅದರ ಪ್ರಶ್ನೆ. ಎರಡನ್ನೂ ಕಲಸಿಬಿಡುವುದು ರೂಢಿ. ಬೇರೆ ಬೇರೆ ಇಟ್ಟುಕೊಂಡಾಗಲೇ ಎರಡೂ ಹೆಚ್ಚು ಕೆಲಸಕ್ಕೆ ಬರುತ್ತವೆ. ಯಾವುದೇ ರೂಪಕದ ಬೆಲೆ ಅದರಿಂದ ಹೊಸದಾಗಿ ಏನನ್ನು ಅಳೆಯಲು, ಏನನ್ನು ಕೇಳಲು ಸಾಧ್ಯವಾಯಿತು ಎಂಬುದರಲ್ಲಿದೆ; ಆ ದೃಷ್ಟಿಯಿಂದ ಇವುಗಳ ಫಲ ಒಂದೇ ಸಮ ಇಲ್ಲ.

ಹಿನ್ನೆಲೆ

ಡಾರ್ವಿನ್ನನ ಗ್ರಂಥ ಹೊರಬಂದದ್ದು 1859ರಲ್ಲಿ. ನಾಲ್ಕೇ ವರ್ಷಕ್ಕೆ, 1863ರ ಜೂನ್‌ನಲ್ಲಿ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ 'ದಿ ಪ್ರೆಸ್' ಪತ್ರಿಕೆಯಲ್ಲಿ ಒಂದು ಓಲೆ ಪ್ರಕಟವಾಯಿತು. ಯಂತ್ರಗಳೂ ಪ್ರಾಣಿಗಳಂತೆ ಪೀಳಿಗೆಯಿಂದ ಪೀಳಿಗೆಗೆ ವಿಕಾಸವಾಗುತ್ತಿವೆ, ಮನುಷ್ಯ ಅವುಗಳ ಆಳಾಗುವ ದಿನ ದೂರವಿಲ್ಲ ಎಂಬುದು ಅದರ ವಾದ. ಗುಪ್ತನಾಮದಲ್ಲಿ ಬರೆದವನು ಅಲ್ಲಿ ಕುರಿ ಸಾಕುತ್ತಿದ್ದ ಸ್ಯಾಮ್ಯುಯೆಲ್ ಬಟ್ಲರ್. ಅರ್ಧ ತಮಾಷೆಯ ಆ ಬರಹವೇ ಯಂತ್ರವಿಕಾಸದ ಚರ್ಚೆಗೆ ನಾಂದಿ. ಪರಿಸರ ವಿಜ್ಞಾನಕ್ಕೆ ಜರ್ಮನಿಯ ಅರ್ನ್ಸ್ಟ್ ಹೇಕೆಲ್ ಹೆಸರಿಟ್ಟದ್ದು 1866ರಲ್ಲಿ.

ಈ ವಿಚಾರವನ್ನು ಮಾಧ್ಯಮಕ್ಕೆ ಗಂಭೀರವಾಗಿ ತಂದವನು ಷಿಕಾಗೋ ವಿಶ್ವವಿದ್ಯಾನಿಲಯದ ರಾಬರ್ಟ್ ಪಾರ್ಕ್. ಸಮಾಜಶಾಸ್ತ್ರಕ್ಕೆ ಬರುವ ಮುನ್ನ ವರ್ಷಗಟ್ಟಲೆ ವರದಿಗಾರನಾಗಿದ್ದವನು. ವಲಸಿಗರ ಭಾಷಾಪತ್ರಿಕೆಗಳ ಮೇಲಿನ ಅಧ್ಯಯನವನ್ನು 1922ರಲ್ಲಿ ಪ್ರಕಟಿಸಿದ. ಮರುವರ್ಷವೇ ವೃತ್ತಪತ್ರಿಕೆಯ 'ನೈಸರ್ಗಿಕ ಚರಿತ್ರೆ'ಯನ್ನು ಬರೆದ. ಇಂದಿನ ಪತ್ರಿಕೆ ಯಾವ ಒಬ್ಬ ಸಂಪಾದಕನ ಯೋಜನೆಯೂ ಅಲ್ಲ, ಪ್ರಸಾರಕ್ಕಾಗಿ ನಡೆದ ಉಳಿವಿನ ಹೋರಾಟದಲ್ಲಿ ಗೆದ್ದು ಬಂದ ತಳಿ ಎಂದು ವಾದಿಸಿದ. ಸುದ್ದಿಮನೆಯ ಒಳಗಿದ್ದು ನೋಡಿದವನ ಮಾತಾದ್ದರಿಂದ ಅದಕ್ಕೆ ತೂಕವಿತ್ತು.

ಇನ್ನಿಸ್: ತುಪ್ಪುಳದಿಂದ ಕಾಗದಕ್ಕೆ

ಕೆನಡಾದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಇನ್ನಿಸ್ ಪರಿಸರದ ರೂಪಕವನ್ನು ಎಲ್ಲಿಯೂ ಘೋಷಿಸಲಿಲ್ಲ. ಆದರೂ ಈ ಕ್ಷೇತ್ರದಲ್ಲಿ ಅತ್ಯಂತ ಪರಿಸರನಿಷ್ಠನಾದ ಚಿಂತಕ ಅವನೇ. 1924ರಲ್ಲಿ ಮೆಕೆಂಜಿ ನದಿಗುಂಟ ಉತ್ತರಕ್ಕೆ ಪ್ರಯಾಣ ಮಾಡಿ, ತುಪ್ಪುಳದ ವ್ಯಾಪಾರ ನಡೆದ ಜಲಮಾರ್ಗಗಳನ್ನು ಕಣ್ಣಾರೆ ಕಂಡ. 1930ರಲ್ಲಿ ಬಂದ ಅವನ ಗ್ರಂಥ ಬೀವರ್ ಎಂಬ ಪ್ರಾಣಿಯ ಸ್ವಭಾವದಿಂದಲೇ ಆರಂಭವಾಗುತ್ತದೆ. ಹೆಚ್ಚು ದೂರ ಓಡಾಡದ ಈ ಪ್ರಾಣಿ ಒಂದು ಕಡೆ ಮುಗಿದುಹೋದರೆ ಬೇಟೆಗಾರ ಇನ್ನೂ ಪಶ್ಚಿಮಕ್ಕೆ ಹೋಗಬೇಕು; ಹೀಗೆ ಕೆನಡಾದ ಗಡಿಯೇ ಪ್ರಾಣಿಯ ಜಾಡು ಹಿಡಿದು ಬೆಳೆಯಿತು. ಆಮೇಲೆ ಕಾಡ್ ಮೀನಿನ ಉದ್ಯಮ, ಅದರಾಚೆಗೆ ಮರದ ತಿರುಳು ಮತ್ತು ಕಾಗದ. ಕಾಗದದ ಬೆನ್ನು ಹತ್ತಿದ ಅರ್ಥಶಾಸ್ತ್ರಜ್ಞ ಅದರ ಮೇಲೆ ಅಚ್ಚಾಗುತ್ತಿದ್ದ ಪತ್ರಿಕೆಗಳಿಗೆ ಬಂದು ಮುಟ್ಟಿದ. ಕೆನಡಾದ ಕಾಡು ಅಮೆರಿಕದ ಜಾಹೀರಾತು ಪತ್ರಿಕೆಗಳ ಹೊಟ್ಟೆಗೆ ಹೋಗುತ್ತಿತ್ತು. ಅಗ್ಗದ ಕಾಗದ ಪುಟಗಳನ್ನು ಹಿಗ್ಗಿಸಿತು, ಹಿಗ್ಗಿದ ಪುಟಕ್ಕೆ ಜಾಹೀರಾತು ಬೇಕಾಯಿತು, ಜಾಹೀರಾತಿಗೆ ಓದುಗರ ಹಿಂಡು ಬೇಕಾಯಿತು.

ಕೊನೆಗಾಲದ ಎರಡು ಗ್ರಂಥಗಳಲ್ಲಿ (1950, 1951) ಇನ್ನಿಸ್ ಇದನ್ನು ಚರಿತ್ರೆಗೆ ಹಿಗ್ಗಿಸಿದ. ಕಲ್ಲು, ಜೇಡಿಮಣ್ಣು, ಚರ್ಮಪತ್ರಗಳು ಕಾಲವನ್ನು ಗೆಲ್ಲುತ್ತವೆ, ದೂರ ಹೋಗವು. ಪಪೈರಸ್ ಮತ್ತು ಕಾಗದ ದೂರ ಹೋಗುತ್ತವೆ, ಬಹುಕಾಲ ಬಾಳವು. ಮೊದಲನೆಯದರ ಮೇಲೆ ನಿಂತ ಆಡಳಿತ ಧರ್ಮ, ಪರಂಪರೆಗಳ ಕಡೆಗೂ ಎರಡನೆಯದರ ಮೇಲೆ ನಿಂತದ್ದು ಸಾಮ್ರಾಜ್ಯ ವಿಸ್ತಾರದ ಕಡೆಗೂ ವಾಲುತ್ತದೆ. ಕನ್ನಡ ಓದುಗರಿಗೆ ಇದು ಹೊಸದೆನಿಸದು. ದಾನ ಕೊಟ್ಟ ಭೂಮಿ ಸೂರ್ಯಚಂದ್ರರಿರುವ ತನಕ ಸಲ್ಲಲಿ ಎಂದು ಕಲ್ಲಿನ ಮೇಲೆ ಕೊರೆಸಿದವರಿಗೂ, ಕೆಲವು ತಲೆಮಾರಿಗೊಮ್ಮೆ ಮರುಪ್ರತಿ ಮಾಡಲೇಬೇಕಾದ ಓಲೆಗರಿಯಲ್ಲಿ ಕಾವ್ಯ ಬರೆದವರಿಗೂ ಆ ವ್ಯತ್ಯಾಸ ಗೊತ್ತೇ ಇತ್ತು.

ಇನ್ನಿಸ್ 1952ರಲ್ಲಿ ತೀರಿಕೊಂಡ. ಅದೇ ಟೊರಾಂಟೊದಲ್ಲಿದ್ದ ಸಾಹಿತ್ಯದ ಪ್ರಾಧ್ಯಾಪಕ ಮಾರ್ಷಲ್ ಮೆಕ್ಲೂಹನ್ ಅವನ ವಿಚಾರಗಳನ್ನು 1962 ಮತ್ತು 1964ರ ಗ್ರಂಥಗಳಲ್ಲಿ ಲೋಕಪ್ರಸಿದ್ಧಗೊಳಿಸಿದ. ಮಾಧ್ಯಮ ನಮ್ಮನ್ನು ಸುತ್ತುವರಿದ ಆವರಣ, ಮೀನಿಗೆ ನೀರು ಕಾಣದ ಹಾಗೆ ನಮಗದು ಕಾಣುವುದಿಲ್ಲ ಎಂಬುದು ಅವನ ಮುಖ್ಯ ಒತ್ತು. ಇನ್ನಿಸ್‌ನಲ್ಲಿದ್ದ ಕಾಗದದ ದರ, ಸಾಗಾಣಿಕೆಯ ಲೆಕ್ಕ ಮೆಕ್ಲೂಹನ್‌ನಲ್ಲಿ ಮಾಯವಾಯಿತು. ಬದಲಿಗೆ ಇಂದ್ರಿಯಗಳ ಮಾತು ಬಂತು. ಅದು ಲಾಭವೋ ನಷ್ಟವೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಲೆಕ್ಕ ಹೋದದ್ದು ನಷ್ಟವೆಂದೇ ಈ ಲೇಖಕನ ಎಣಿಕೆ.

ಪೋಸ್ಟ್‌ಮನ್ ಮತ್ತು ನ್ಯೂಯಾರ್ಕ್ ಪಂಥ

'ಮಾಧ್ಯಮ ಪರಿಸರ ಅಧ್ಯಯನ' ಎಂಬ ಹೆಸರನ್ನು 1968ರಲ್ಲಿ ಇಂಗ್ಲಿಷ್ ಅಧ್ಯಾಪಕರ ಸಭೆಯೊಂದರಲ್ಲಿ ಬಹಿರಂಗವಾಗಿ ಬಳಸಿದವನು ನೀಲ್ ಪೋಸ್ಟ್‌ಮನ್. ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಅದೇ ಹೆಸರಿನ ಸ್ನಾತಕೋತ್ತರ ವಿಭಾಗ ಕಟ್ಟಿದ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸುವ ಮಾಧ್ಯಮವಿರುವಂತೆ, ಸಂಸ್ಕೃತಿ ಬೆಳೆಯುವುದೂ ಒಂದು ಮಾಧ್ಯಮದಲ್ಲಿ ಎನ್ನುತ್ತಿದ್ದ. 1992ರ ಗ್ರಂಥದಲ್ಲಿ ಅವನು ಹೇಳಿದ ಮಾತು ಈ ಪಂಥದ ತಿರುಳು: ತಂತ್ರಜ್ಞಾನದ ಬದಲಾವಣೆ ಕೂಡುವ ಲೆಕ್ಕವೂ ಅಲ್ಲ, ಕಳೆಯುವ ಲೆಕ್ಕವೂ ಅಲ್ಲ. ಒಂದು ಆವಾಸದಿಂದ ಕಂಬಳಿಹುಳುಗಳನ್ನು ತೆಗೆದರೆ ಉಳಿಯುವುದು ಕಂಬಳಿಹುಳುವಿಲ್ಲದ ಅದೇ ಆವಾಸವಲ್ಲ, ಬೇರೆಯೇ ಆವಾಸ. ಮುದ್ರಣ ಬಂದ ಐವತ್ತು ವರ್ಷಕ್ಕೆ ಯುರೋಪು ಹಳೆಯ ಯುರೋಪಿಗೆ ಅಚ್ಚುಯಂತ್ರ ಸೇರಿಸಿದ್ದಾಗಿರಲಿಲ್ಲ.

ಪೋಸ್ಟ್‌ಮನ್ ಮೂಲತಃ ನೀತಿವಾದಿ, ಟಿ.ವಿ. ಕಂಡರೆ ಆಗದವನು, ಪರಿಸರ ಕೆಡುತ್ತಿದೆ ಎಂಬ ದೂರು ಅವನ ಎಲ್ಲ ಬರಹದ ಹಿಂದಿದೆ. ಅಳತೆಗೋಲು ಹುಡುಕುವವರಿಗೆ ಅವನಲ್ಲಿ ಹೆಚ್ಚೇನೂ ಸಿಗದು.

ನೆಲೆಯ ಸಿದ್ಧಾಂತ

ಅಳತೆ ಬಂದದ್ದು ಬೇರೆ ದಿಕ್ಕಿನಿಂದ. ರಷ್ಯಾದ ಗಾಸ್ 1934ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪ್ಯಾರಮೀಸಿಯಮ್ ಎಂಬ ಏಕಕೋಶಜೀವಿಯ ಎರಡು ಜಾತಿಗಳನ್ನು ಒಂದೇ ಗಾಜಿನ ಕೊಳವೆಯಲ್ಲಿ, ಒಂದೇ ಆಹಾರ ಕೊಟ್ಟು ಬೆಳೆಸಿದ. ಬೇರೆ ಬೇರೆ ಇಟ್ಟಾಗ ಎರಡೂ ಸೊಂಪಾಗಿ ಬೆಳೆಯುತ್ತಿದ್ದವು. ಜೊತೆಗಿಟ್ಟಾಗ ಒಂದು ನಿರ್ನಾಮವಾಯಿತು. ಆದರೆ ಸೋತ ಜಾತಿಯನ್ನೇ ಮೂರನೆಯ ಇನ್ನೊಂದು ಜಾತಿಯ ಜೊತೆ ಇಟ್ಟಾಗ ಎರಡೂ ಉಳಿದವು. ಒಂದು ಕೊಳವೆಯ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯ ತಿಂದುಕೊಂಡಿತ್ತು, ಇನ್ನೊಂದು ತಳದಲ್ಲಿ ಯೀಸ್ಟ್ ತಿಂದುಕೊಂಡಿತ್ತು. ಸಂಪನ್ಮೂಲಗಳ ನಡುವೆ ಒಂದು ಜೀವಿ ಹಿಡಿದಿರುವ ಇಂಥ ಸ್ಥಾನವೇ ನೆಲೆ. ನೆಲೆ ಪೂರ್ತಿ ಒಂದೇ ಆದರೆ ಸಹಬಾಳ್ವೆ ಇಲ್ಲ.

ಜಾನ್ ಡಿಮಿಕ್ ಮತ್ತು ಎರಿಕ್ ರಾಥನ್‌ಬ್ಯೂಲರ್ 1984ರಲ್ಲಿ ಇದನ್ನು ಮಾಧ್ಯಮೋದ್ಯಮಕ್ಕೆ ಅನ್ವಯಿಸಿದರು. ಮಾಧ್ಯಮಗಳ ಆಹಾರವೆಂದರೆ ಜಾಹೀರಾತಿನ ಹಣ, ಗಿರಾಕಿ ಕೊಡುವ ಹಣ, ಜನರ ಬಿಡುವಿನ ವೇಳೆ ಮತ್ತು ಅವರು ಬಯಸುವ ತೃಪ್ತಿಗಳು. ಒಂದು ಮಾಧ್ಯಮ ಇವುಗಳಲ್ಲಿ ಎಷ್ಟನ್ನು ಅವಲಂಬಿಸಿದೆ, ಇನ್ನೊಂದರ ಜೊತೆ ಎಷ್ಟು ಮೇಲುಬೀಳುತ್ತದೆ, ಮೇಲುಬಿದ್ದ ಕಡೆ ಯಾವುದರ ಕೈ ಮೇಲು ಎಂಬುದನ್ನು ಸಂಖ್ಯೆಯಲ್ಲಿ ಹೇಳಬಹುದು. ಅಮೆರಿಕದ ರೇಡಿಯೊ ಇದಕ್ಕೆ ಒಳ್ಳೆಯ ಉದಾಹರಣೆ. 1940ರ ದಶಕದ ಕೊನೆಯಿಂದ ಟಿ.ವಿ. ರಾಷ್ಟ್ರಮಟ್ಟದ ಜಾಹೀರಾತನ್ನೂ ಧಾರಾವಾಹಿ ನಾಟಕವನ್ನೂ ಸೆಳೆದುಕೊಂಡಿತು. ರೇಡಿಯೊ ಸಾಯಲಿಲ್ಲ; ಊರ ಮಟ್ಟದ ಜಾಹೀರಾತು, ಧ್ವನಿಮುದ್ರಿತ ಸಂಗೀತ, ಕಾರಿನೊಳಗಿನ ಕೇಳುಗರ ಕಡೆ ಸರಿದುಕೊಂಡಿತು. 1954ರಲ್ಲಿ ಮಾರುಕಟ್ಟೆಗೆ ಬಂದ ಟ್ರಾನ್ಸಿಸ್ಟರ್ ಆ ನೆಲೆಯನ್ನು ಭದ್ರಪಡಿಸಿತು.

ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟವನ್ನು ಹತ್ತಿರದಿಂದ ನೋಡಿದರೂ ಇದು ತಿಳಿಯುತ್ತದೆ. ಬಾಡಿಗೆ ಮನೆ, ಹಳೆಯ ಸ್ಕೂಟರು, ನೌಕರಿ, ವಧೂವರರು ಬಹುಮಟ್ಟಿಗೆ ಜಾಲತಾಣಗಳಿಗೆ ಹೋದರು. ಶ್ರದ್ಧಾಂಜಲಿ, ವೈಕುಂಠ ಸಮಾರಾಧನೆಯ ಪ್ರಕಟಣೆಗಳು ಕಾಗದದಲ್ಲೇ ಉಳಿದಿವೆ. ಮನೆ ಹುಡುಕುವವನಿಗೆ ಬೇಕಾದದ್ದು ಹುಡುಕಾಟದ ಸೌಕರ್ಯ. ತೀರಿಕೊಂಡವರ ಮನೆಯವರಿಗೆ ಬೇಕಾದದ್ದು ಊರಿನವರೆಲ್ಲ ಒಂದೇ ಬೆಳಗ್ಗೆ ನೋಡುವುದು, ಆಮೇಲೆ ಕತ್ತರಿಸಿ ಇಟ್ಟುಕೊಳ್ಳುವುದು. ಒಂದೇ ಪುಟದಲ್ಲಿದ್ದ ಎರಡು ಜಾಹೀರಾತುಗಳ ನೆಲೆ ಬೇರೆ ಬೇರೆಯಾಗಿತ್ತೆಂಬುದು ಜಾಲತಾಣಗಳು ಬಂದ ಮೇಲೆ ಗೊತ್ತಾಯಿತು.

ಸಂಘಟನೆಗಳ ಜನಸಂಖ್ಯಾ ಪರಿಸರವೆಂಬ ಇನ್ನೊಂದು ಶಾಖೆಯನ್ನು ಹ್ಯಾನನ್ ಮತ್ತು ಫ್ರೀಮನ್ 1977ರಲ್ಲಿ ಆರಂಭಿಸಿದರು. ಗ್ಲೆನ್ ಕ್ಯಾರಲ್ ಮತ್ತು ಜಾಕ್ ಡೆಲಾಕ್ರೋ 1982ರಲ್ಲಿ ಅರ್ಜೆಂಟೀನಾ ಮತ್ತು ಐರ್ಲೆಂಡುಗಳ ಪತ್ರಿಕೆಗಳ ಹುಟ್ಟುಸಾವಿನ ಪಟ್ಟಿ ಮಾಡಿ, ಎಳೆ ವಯಸ್ಸಿನಲ್ಲೇ ಸಾವು ಹೆಚ್ಚು ಎಂದು ತೋರಿಸಿದರು. ಕನ್ನಡದ ಮೊದಲ ಪತ್ರಿಕೆಗೂ ಈ ಗತಿಯೇ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಮರುವರ್ಷವೇ ಊರು ಬಿಟ್ಟು ಬಳ್ಳಾರಿಗೆ ಹೋಗಿ, ಹೆಸರು ಬದಲಿಸಿಕೊಂಡು, ಬೇಗನೆ ನಿಂತಿತು. ಕ್ಯಾರಲ್ 1985ರಲ್ಲಿ ಇನ್ನೊಂದು ಮಾತು ಸೇರಿಸಿದ: ಎಲ್ಲರಿಗೂ ಎಲ್ಲವನ್ನೂ ಕೊಡುವ ದೊಡ್ಡ ಪತ್ರಿಕೆಗಳು ನಡುವಿನ ಜಾಗವನ್ನು ಆಕ್ರಮಿಸಿದಷ್ಟೂ ಅಂಚಿನಲ್ಲಿ ವಿಶಿಷ್ಟ ಪತ್ರಿಕೆಗಳಿಗೆ ಎಡೆ ಸಿಗುತ್ತದೆ. ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ 'ಲಂಕೇಶ್ ಪತ್ರಿಕೆ' ಜಾಹೀರಾತನ್ನೇ ತೆಗೆದುಕೊಳ್ಳದೆ ಓದುಗರ ಕಾಸಿನ ಮೇಲೆ ನಡೆಯಿತು. ದಿನಪತ್ರಿಕೆಗಳ ಜೊತೆ ಅದರ ಆಹಾರ ಮೇಲುಬೀಳಲಿಲ್ಲ. ಜಾಹೀರಾತುದಾರರಿಗೆ ನೋವಾದೀತೆಂದು ಅವು ಮುಟ್ಟದ ವಿಷಯಗಳೇ ಇದರ ಹೊಲವಾದವು.

ಅಳಿವು, ಉಳಿವು

ನ್ಯೂರೆಂಬರ್ಗಿನ ಪತ್ರಕರ್ತ ವೋಲ್ಫ್‌ಗಾಂಗ್ ರೀಪ್ಲ್ ಪ್ರಾಚೀನ ರೋಮಿನ ಸುದ್ದಿಸಾಗಣೆಯನ್ನು ಕುರಿತ 1913ರ ಗ್ರಂಥದಲ್ಲಿ, ಒಮ್ಮೆ ಬೇರೂರಿದ ಸಂವಹನ ವಿಧಾನ ಹೊಸದು ಬಂದರೂ ಪೂರ್ತಿ ಅಳಿಯುವುದಿಲ್ಲ, ಬೇರೆ ಕೆಲಸ ಹುಡುಕಿಕೊಳ್ಳುತ್ತದೆ ಎಂದ. ಡಂಗುರ ಇದಕ್ಕೆ ಸಾಕ್ಷಿ. ತಮಟೆ ಬಡಿದು ಸಾರುವ ಕೆಲಸ ಆಟೋಗೆ ಕಟ್ಟಿದ ಮೈಕಿಗೆ ಹೋದರೂ ಹಲವು ಹಳ್ಳಿಗಳಲ್ಲಿ ಜಾತ್ರೆ, ಹಬ್ಬದ ಸಾರುವಿಕೆಗೆ ತಮಟೆಯೇ ಆಗಬೇಕು.

ರೀಪ್ಲ್‌ನ ಸೂತ್ರಕ್ಕೆ ಅಪವಾದಗಳೂ ಇವೆ. ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ 1850ರಲ್ಲಿ ಪ್ರಯೋಗವಾಗಿ ಆರಂಭವಾದ ಭಾರತದ ತಂತಿ ಸೇವೆ 2013ರ ಜುಲೈನಲ್ಲಿ ಮುಚ್ಚಿತು. ಅವಸರದ ಸುದ್ದಿ ಎಂದೋ ಫೋನಿಗೆ, ಎಸ್ಸೆಮ್ಮೆಸ್ಸಿಗೆ ಹೋಗಿತ್ತು. ಅದರಾಚೆ ತಂತಿಯನ್ನು ಜೀವಂತವಾಗಿಟ್ಟದ್ದು ಅದರ ಸಾಕ್ಷ್ಯಬಲ: ಸೈನಿಕನ ರಜೆಗೆ, ಕೋರ್ಟಿನ ವ್ಯಾಜ್ಯಕ್ಕೆ ಮೊಹರು ಬಿದ್ದ ಕಾಗದ ಬೇಕಿತ್ತು. ಕೊನೆಯ ಆ ಸಣ್ಣ ನೆಲೆ ಸಂಸ್ಥೆಯ ಖರ್ಚನ್ನು ಹೊರುವಷ್ಟು ದೊಡ್ಡದಿರಲಿಲ್ಲ.

ವಿಕಾಸದ ರೂಪಕ

ಪಾಲ್ ಲೆವಿನ್ಸನ್ 1979ರಲ್ಲಿ, ಮಾಧ್ಯಮಗಳು ಮನುಷ್ಯನ ಸಹಜ ಸಂವಹನದ ಕಡೆಗೇ ವಿಕಾಸವಾಗುತ್ತವೆ ಎಂದ. ಮೂಕಿಗೆ ಮಾತು ಬಂತು, ಕಪ್ಪುಬಿಳುಪಿಗೆ ಬಣ್ಣ ಬಂತು. ಮನುಷ್ಯರೇ ಇಲ್ಲಿ ಆಯ್ಕೆ ಮಾಡುವ ನಿಸರ್ಗ. ಅಂದವಾದ ವಾದ. ಆದರೆ ಮಾತಾಡಬಲ್ಲ ಫೋನ್ ಕೈಯಲ್ಲಿದ್ದೂ ಕೋಟ್ಯಂತರ ಜನ ಬೆರಳಲ್ಲಿ ಅಕ್ಷರ ಒತ್ತತೊಡಗಿದ್ದನ್ನು ಅದು ಸುಲಭವಾಗಿ ವಿವರಿಸಲಾರದು. ವಿಕಾಸಕ್ಕೆ ಗುರಿಯಿದೆ ಎಂದುಕೊಳ್ಳುವುದು ಡಾರ್ವಿನ್ನನಿಂದ ದೂರ ಸರಿದಂತೆಯೇ.

ಹೆಚ್ಚು ಫಲ ಕೊಟ್ಟದ್ದು ಸ್ಟೀಫನ್ ಜೇ ಗೌಲ್ಡ್ ಮತ್ತು ಎಲಿಜಬೆತ್ ವ್ರ್ಬಾ 1982ರಲ್ಲಿ ಹೆಸರಿಟ್ಟ ವಿದ್ಯಮಾನ: ಒಂದು ಕೆಲಸಕ್ಕೆ ಬೆಳೆದ ಅಂಗ ಇನ್ನೊಂದಕ್ಕೆ ಒದಗುವುದು. ಮೈ ಬೆಚ್ಚಗಿಡುತ್ತಿದ್ದ ಗರಿ ಮುಂದೆ ಹಾರಾಟಕ್ಕೆ ಬಂದ ಹಾಗೆ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದಾಗ ಅವನ ಕಣ್ಣು ಮುಖ್ಯವಾಗಿ ಕಚೇರಿಯ ಉಕ್ತಲೇಖನದ ಮೇಲಿತ್ತು. ಅದನ್ನು ಸಾಕಿದ್ದು ಸಂಗೀತ. ಮಾರ್ಕೋನಿಯ ನಿಸ್ತಂತು ಹಡಗಿನಿಂದ ದಡಕ್ಕೆ ಸಂದೇಶ ಕಳಿಸುವ ಸಾಧನ. ಸುದ್ದಿ ಎಲ್ಲರಿಗೂ ಕೇಳಿಬಿಡುತ್ತದೆ ಎಂಬ ಅದರ ದೋಷವೇ ಮುಂದೆ ರೇಡಿಯೊ ಪ್ರಸಾರವಾಯಿತು. ಭಾರತದ ಮಿಸ್ಡ್ ಕಾಲ್ ಕೂಡ ಇಂಥದೇ. ಕರೆ ಮಾಡಿದವನು ಮಾತ್ರ, ಅದೂ ಎತ್ತಿದರೆ ಮಾತ್ರ ಹಣ ಕೊಡಬೇಕೆಂಬ ಬಿಲ್ಲಿನ ನಿಯಮದ ಸಂದಿನಿಂದ, ಕಾಸಿಲ್ಲದೆ 'ಬಂದು ಮುಟ್ಟಿದೆ' ಎನ್ನುವ ಭಾಷೆಯೊಂದು ಹುಟ್ಟಿತು. ಯಾವ ಇಂಜಿನಿಯರನೂ ಅದನ್ನು ರೂಪಿಸಿದ್ದಲ್ಲ.

ಕುಂಟಿಹೋದ ಕವಲುಗಳೂ ಅಷ್ಟೇ ಬೋಧಕ. ಬುಡಾಪೆಸ್ಟಿನಲ್ಲಿ ತಿವದಾರ್ ಪುಶ್ಕಾಶ್ 1893ರ ಫೆಬ್ರವರಿಯಲ್ಲಿ 'ಟೆಲಿಫೋನ್ ಹಿರ್ಮೊಂಡೋ' ಎಂಬ ಮಾತಾಡುವ ಪತ್ರಿಕೆಯನ್ನು ಆರಂಭಿಸಿದ. ಚಂದಾದಾರರು ಕಿವಿಗೆ ಕೊಳವೆ ಹಿಡಿದರೆ ಟೆಲಿಫೋನ್ ತಂತಿಯಲ್ಲಿ ವೇಳಾಪಟ್ಟಿಯಂತೆ ಸುದ್ದಿ, ಷೇರುಪೇಟೆಯ ಧಾರಣೆ, ಸಂಜೆ ಒಪೆರಾ ಕೇಳಿಬರುತ್ತಿತ್ತು. ಧ್ವನಿವರ್ಧನೆಯ ಉಪಾಯ ಇಲ್ಲದ್ದರಿಂದ ದೊಡ್ಡ ಗಂಟಲಿನವರನ್ನೇ ಓದಲು ಇಟ್ಟುಕೊಂಡಿದ್ದರು. ಪುಶ್ಕಾಶ್ ಮರುತಿಂಗಳೇ ಸತ್ತರೂ ಸೇವೆ ಸಾವಿರಾರು ಮನೆಗಳಿಗೆ ಹಬ್ಬಿತು, ರೇಡಿಯೊ ಬಂದ ಮೇಲೂ ಎರಡನೆಯ ಮಹಾಯುದ್ಧದವರೆಗೆ ಬಾಳಿತು. ಇದೇ ಮಾದರಿ ಅಮೆರಿಕದ ನ್ಯೂಅರ್ಕ್‌ನಲ್ಲಿ 1911ರಲ್ಲಿ ಆರಂಭವಾಗಿ ಬಹುಬೇಗ ಕುಸಿಯಿತು. ಒಂದೇ ಬೀಜ ಒಂದು ನೆಲದಲ್ಲಿ ಅರ್ಧ ಶತಮಾನ, ಇನ್ನೊಂದರಲ್ಲಿ ಅರೆಗಳಿಗೆ.

ಅಮೆರಿಕದ ರೋಜರ್ ಫಿಡ್ಲರ್ 1997ರಲ್ಲಿ, ಹೊಸ ಮಾಧ್ಯಮ ಶೂನ್ಯದಿಂದ ಬರುವುದಿಲ್ಲ, ಹಳೆಯದರ ರೂಪಾಂತರದಿಂದ ಬರುತ್ತದೆ ಎಂದು ಪ್ರತಿಪಾದಿಸಿದ. ಟಿ.ವಿ. ಪರದೆಗೆ ಸುದ್ದಿ ಕಳಿಸುವ ವ್ಯೂಟ್ರಾನ್ ಎಂಬ ವಿಫಲ ಯೋಜನೆಯಲ್ಲಿ (1983-86) ದುಡಿದ ಅನುಭವ ಅವನಿಗಿತ್ತು.

ಚರಿತ್ರೆಯ ಭಾರವನ್ನು ವಿವರಿಸಲು ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1985ರಲ್ಲಿ ಟೈಪ್‌ರೈಟರಿನ ಕೀಲಿಮಣೆಯನ್ನು ಎತ್ತಿಕೊಂಡ: ಹಳೆಯ ಯಂತ್ರದ ತೊಡಕಿಗೆ ಹೊಂದಿಸಿದ ಅಕ್ಷರಜೋಡಣೆ, ತೊಡಕು ಹೋದರೂ ಉಳಿಯಿತು. ಈ ಉದಾಹರಣೆಯ ಬಗ್ಗೆ ತಕರಾರುಗಳಿವೆ. ಕನ್ನಡದ ಫಾಂಟುಗಳ ಕಥೆ ಅದಕ್ಕಿಂತ ಸ್ಪಷ್ಟ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಆದರೆ ಡಿಟಿಪಿ ಅಂಗಡಿಗಳ ಪೇಜ್‌ಮೇಕರ್ ತಂತ್ರಾಂಶ ಅದನ್ನು ಅರಿಯದಾಗಿತ್ತು. ಹಾಗಾಗಿ ರೋಮನ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡದ ಒತ್ತು, ತಲೆಕಟ್ಟು, ಕೊಂಬುಗಳನ್ನು ಕೂರಿಸಿದ ನುಡಿ, ಶ್ರೀಲಿಪಿ ಮುಂತಾದ ಆಸ್ಕಿ ಫಾಂಟುಗಳೇ ವರ್ಷಗಟ್ಟಲೆ ಮುದ್ರಣಲೋಕವನ್ನು ಆಳಿದವು. ಅಂಥ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ತಲೆಬುಡವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಹುಡುಕುಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಕನ್ವರ್ಟರ್ ಹಾಕಿ ಯೂನಿಕೋಡಿಗೆ ತಂದ ಮೇಲೂ ಅರ್ಕಾವತ್ತು ತಪ್ಪಿದ ಪದಗಳು ಪಳೆಯುಳಿಕೆಗಳಂತೆ ಸಿಗುತ್ತವೆ.

ರೂಪಕದ ಮಿತಿಯನ್ನು ಜೀವವಿಜ್ಞಾನಿಗಳೇ ಚೆನ್ನಾಗಿ ಬಲ್ಲರು. ಜೀವಿಗಳ ವಂಶವೃಕ್ಷದ ಕವಲುಗಳು ಒಮ್ಮೆ ಬೇರೆಯಾದರೆ ಸಾಮಾನ್ಯವಾಗಿ ಮತ್ತೆ ಕೂಡವು. ಸಂಸ್ಕೃತಿಯ ಮರದಲ್ಲಿ ಕೂಡುತ್ತಲೇ ಇರುತ್ತವೆ ಎಂದು ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರ್ ಚಿತ್ರ ಬರೆದು ತೋರಿಸಿದ್ದ. ಗೌಲ್ಡ್‌ನ ಸಹಲೇಖಕನಾದ ಜೀವಾವಶೇಷ ತಜ್ಞ ನೈಲ್ಸ್ ಎಲ್‌ಡ್ರೆಜ್ ಕಾರ್ನೆಟ್ ವಾದ್ಯಗಳ ಸಂಗ್ರಾಹಕ. ಅವುಗಳ ವಂಶಾವಳಿ ಕಟ್ಟಲು ಹೋಗಿ, ಒಬ್ಬ ತಯಾರಕ ಇನ್ನೊಬ್ಬನ ವಿನ್ಯಾಸವನ್ನು ಕದ್ದು ಸೇರಿಸುವುದರಿಂದ ಟ್ರೈಲೊಬೈಟ್ ಎಂಬ ಪ್ರಾಚೀನ ಜೀವಿಗಳಿಗೆ ಸಲ್ಲುವ ವಿಧಾನ ಇಲ್ಲಿ ಸಲ್ಲದೆಂದು ಕಂಡುಕೊಂಡ. ಸಂಸ್ಕೃತಿಯ ತುಣುಕುಗಳೂ ವಂಶವಾಹಿಗಳಂತೆ ನಕಲಾಗಿ ಹರಡುತ್ತವೆ ಎಂದು ರಿಚರ್ಡ್ ಡಾಕಿನ್ಸ್ 1976ರಲ್ಲಿ ಮುಂದಿಟ್ಟ ಮೀಮ್ ಎಂಬ ಕಲ್ಪನೆ ವಿಜ್ಞಾನವಾಗಿ ಹೆಚ್ಚು ಬೆಳೆಯಲಿಲ್ಲ. ನಗೆಚಿತ್ರಗಳ ಹೆಸರಾಗಿ ಎಲ್ಲರ ಮೊಬೈಲಿಗೂ ಬಂತು.

ಆಕ್ಷೇಪಗಳು

ಮುಖ್ಯ ಆಕ್ಷೇಪ ರಾಜಕೀಯದ್ದು. ನೆಲೆ, ಆಯ್ಕೆ, ಅಳಿವು ಎಂಬ ಮಾತುಗಳು ಮನುಷ್ಯರ ನಿರ್ಧಾರಗಳನ್ನು ಮಳೆ ಬಿಸಿಲಿನಂತೆ ತೋರಿಸುತ್ತವೆ. ಭಾರತದ ರೇಡಿಯೊವನ್ನೇ ನೋಡಿ. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ' ನಿಲಯ ನಡೆಸಿದ್ದು ಖಾಸಗಿ ಪ್ರಯತ್ನ. ಸ್ವಾತಂತ್ರ್ಯಾನಂತರ ಪ್ರಸಾರ ಸರ್ಕಾರದ ಏಕಸ್ವಾಮ್ಯವಾಯಿತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ಬಂತು. ಖಾಸಗಿ ಎಫ್.ಎಂ.ಗೆ ಸ್ವಂತ ಸುದ್ದಿ ಬಿತ್ತರಿಸುವ ಅನುಮತಿ ಇಲ್ಲ, ಆಕಾಶವಾಣಿಯ ವಾರ್ತೆಯನ್ನು ಹಾಗೆಯೇ ಹಾಕಬಹುದಷ್ಟೆ. ಈ ನಿಲಯಗಳು ಸಿನಿಮಾ ಹಾಡು, ಹರಟೆಗೆ ಒಗ್ಗಿಕೊಂಡಿವೆ ಎನ್ನುವ ಪರಿಸರತಜ್ಞ, ಬೇಲಿ ಹಾಕಿದವರು ಯಾರೆಂದು ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತೆ.

ವ್ಯಾಪಾರಲೋಕದ 'ಇಕೋಸಿಸ್ಟಂ' ಎಂಬ ಮಾತಿನಲ್ಲಿ ಈ ದೋಷ ಇನ್ನೂ ದಟ್ಟ. ಜೇಮ್ಸ್ ಮೂರ್ 1993ರಲ್ಲಿ ಕಂಪನಿಗಳ ಸ್ಪರ್ಧೆಗೆ ಈ ಪರಿಭಾಷೆ ತಂದ ಮೇಲೆ, ಫೋನು, ಆ್ಯಪು, ಪಾವತಿ ಎಲ್ಲವೂ ಒಂದೇ ಕಂಪನಿಯ ಹಿಡಿತದಲ್ಲಿರುವ ವ್ಯವಸ್ಥೆಯೂ ಪರಿಸರವೆನಿಸಿಕೊಂಡಿತು. ಯಾವ ಕಾಡಿಗೂ ಅಂಥ ಮಾಲೀಕನಿಲ್ಲ.

ರೂಪಕವಲ್ಲದ ಪರಿಸರ

ಇತ್ತೀಚಿನ ಅಧ್ಯಯನಗಳು ರೂಪಕವನ್ನು ಬದಿಗಿಟ್ಟು ಮಾಧ್ಯಮಗಳು ನಿಜವಾದ ಪರಿಸರಕ್ಕೆ ಮಾಡುವುದೇನೆಂದು ಕೇಳುತ್ತಿವೆ. ಮ್ಯಾಕ್ಸ್‌ವೆಲ್ ಮತ್ತು ಮಿಲ್ಲರ್ (2012) ವಿದ್ಯುನ್ಮಾನ ತ್ಯಾಜ್ಯವನ್ನೂ ಯೂಸಿ ಪರಿಕ್ಕ (2015) ಗಣಕಗಳೊಳಗಿನ ಖನಿಜಗಳನ್ನೂ ಮಾಧ್ಯಮ ಚರಿತ್ರೆಯೊಳಗೆ ತಂದಿದ್ದಾರೆ. ಇದು ಇನ್ನಿಸ್‌ನ ದಾರಿಗೆ ಮರಳಿದಂತೆ. ಕರ್ನಾಟಕದಲ್ಲಿ ಈ ದಾರಿ ಕಾಗದದ ಕಾರ್ಖಾನೆಗಳಿಗೆ ಹೋಗುತ್ತದೆ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಮುಂದೆ ಪತ್ರಿಕಾ ಕಾಗದವನ್ನೂ ತಯಾರಿಸಿತು. ಅದಕ್ಕಾಗಿ ಮಲೆನಾಡಿನಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಎದ್ದವು. ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು 1950ರ ದಶಕದಲ್ಲಿ ಟನ್ನಿಗೆ ಒಂದೂವರೆ ರೂಪಾಯಿಯಂತೆ ಸಿಗುತ್ತಿತ್ತು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಎಷ್ಟೋ ಪಟ್ಟು ಹೆಚ್ಚು ತೆರಬೇಕಿತ್ತು. ಬಿದಿರು ಸಿಗದೆ ಅವರು ಪ್ರತಿಭಟಿಸಿದ ಹಿನ್ನೆಲೆಯಲ್ಲಿ 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ರಾಜ್ಯದ ಬಿದಿರು ಕಾಡುಗಳ ಸ್ಥಿತಿಯನ್ನು ಅಭ್ಯಸಿಸಿದರು. ಕನ್ನಡ ಪತ್ರಿಕೋದ್ಯಮದ ಚರಿತ್ರೆಗಳು ಸಂಪಾದಕರ, ಮಾಲೀಕರ ಬಗ್ಗೆ ಹೇಳುವಷ್ಟನ್ನು ಈ ಬಿದಿರು, ಅಕೇಶಿಯಾಗಳ ಬಗ್ಗೆ ಹೇಳುವುದಿಲ್ಲ. ಇನ್ನಿಸ್ ಕೆನಡಾಕ್ಕೆ ಮಾಡಿದಂಥ ಕೆಲಸಕ್ಕೆ ಭದ್ರಾವತಿ, ದಾಂಡೇಲಿಗಳಲ್ಲಿ ಸಾಮಗ್ರಿಗೆ ಕೊರತೆಯಿಲ್ಲ.